ಸುಡದೆ ಬಿಡಬೇಕಾದ ಇಂಧನ: ನೆಲದೊಳಗಿನ ಕಲ್ಲಿದ್ದಲು, ತೈಲ ಮತ್ತು ಆಕಾಶದ ಲೆಕ್ಕ

ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ತಿಂಗಳೋ ಒಂದೂವರೆ ತಿಂಗಳೋ ಕಳೆದ ಮೇಲೆ ಒಲೆಯ ಉರಿ ಕುಗ್ಗುತ್ತದೆ. ಸಿಲಿಂಡರನ್ನು ಅಲ್ಲಾಡಿಸಿ ನೋಡಿ, ಖಾಲಿಯಾಯಿತೆಂದು ಇನ್ನೊಂದನ್ನು ಜೋಡಿಸುತ್ತೇವೆ. ಆ 14.2 ಕಿಲೋ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಅಡುಗೆಮನೆಯಲ್ಲಿ ಬರುವುದಿಲ್ಲ. ಆದರೆ ಅದಕ್ಕೊಂದು ಖಚಿತವಾದ ಉತ್ತರವಿದೆ. ಉರಿಯುವಾಗ ಅನಿಲದಲ್ಲಿದ್ದ ಇಂಗಾಲದ ಪ್ರತಿ ಪರಮಾಣುವೂ ಗಾಳಿಯಿಂದ ಆಮ್ಲಜನಕದ ಎರಡು ಪರಮಾಣುಗಳನ್ನು ಸೆಳೆದುಕೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇಂಗಾಲದ ಪರಮಾಣುವಿನ ತೂಕ 12 ಎಂದಾದರೆ ಆ ಎರಡು ಆಮ್ಲಜನಕ ಪರಮಾಣುಗಳ ತೂಕ 32. ಹೀಗಾಗಿ 14.2 ಕಿಲೋ ಅನಿಲ ಉರಿದು ಮುಗಿಯುವಷ್ಟರಲ್ಲಿ 42 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ಖಾಲಿ ಸಿಲಿಂಡರನ್ನು ಗಾಡಿಯವರು ಒಯ್ಯುತ್ತಾರೆ. ಆ 42 ಕಿಲೋವನ್ನು ಒಯ್ಯುವವರಿಲ್ಲ.

ಪ್ರತಿ ವರ್ಷದ ಕೊನೆಗೆ ನಡೆಯುವ ಹವಾಮಾನ ಶೃಂಗಸಭೆಗಳ ವರದಿಗಳಲ್ಲಿ ಒಂದು ಮಾತು ಈಗ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ: ಭೂಮಿಯೊಳಗಿರುವ ಕಲ್ಲಿದ್ದಲು, ತೈಲ ಮತ್ತು ಅನಿಲದ ದೊಡ್ಡ ಪಾಲನ್ನು ತೆಗೆಯದೆ, ಸುಡದೆ ಹಾಗೆಯೇ ಬಿಟ್ಟುಬಿಡಬೇಕು. ಕೈಗೆ ಸಿಗುವ ಸಂಪತ್ತನ್ನು ಬೇಕೆಂದೇ ಬಿಡಬೇಕೆನ್ನುವ ಈ ವಾದ ಮೊದಲ ಬಾರಿ ಕೇಳಿದಾಗ ವಿಚಿತ್ರವೆನಿಸುತ್ತದೆ. ಅದರ ಹಿಂದಿನ ಲೆಕ್ಕವೇನು, ಬಿಡಬೇಕಾದವರು ಯಾರು, ಬಿಟ್ಟು ನೋಡಿದವರಿಗೆ ಏನಾಯಿತು ಎಂಬುದನ್ನು ಬುಡದಿಂದ ನೋಡೋಣ.

ಸೌದೆಗೂ ಕಲ್ಲಿದ್ದಲಿಗೂ ಏನು ವ್ಯತ್ಯಾಸ?

ಸೌದೆ ಸುಟ್ಟರೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕಲ್ಲಿದ್ದಲು ಸುಟ್ಟರೂ ಬರುತ್ತದೆ. ವ್ಯತ್ಯಾಸವಿರುವುದು ಆ ಇಂಗಾಲ ಎಲ್ಲಿತ್ತು ಎಂಬುದರಲ್ಲಿ. ಇಪ್ಪತ್ತು ವರ್ಷದ ಮರವೊಂದನ್ನು ಸುಟ್ಟರೆ ಹೊರಬರುವುದು ಆ ಮರ ಅದೇ ಇಪ್ಪತ್ತು ವರ್ಷಗಳಲ್ಲಿ ಗಾಳಿಯಿಂದ ಹೀರಿಕೊಂಡ ಇಂಗಾಲ. ಅದೇ ಜಾಗದಲ್ಲಿ ಇನ್ನೊಂದು ಮರ ಬೆಳೆದರೆ ಅದು ಮತ್ತೆ ಮರಕ್ಕೆ ಸೇರುತ್ತದೆ. ಗಾಳಿ, ಗಿಡ, ಮಣ್ಣು, ಸಮುದ್ರಗಳ ನಡುವೆ ಸುತ್ತುತ್ತಲೇ ಇರುವ ಚಲಾವಣೆಯ ಹಣ ಅದು.

ಕಲ್ಲಿದ್ದಲಿನ ಕಥೆ ಬೇರೆ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಬರುವ ಕಲ್ಲಿದ್ದಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಜೌಗು ಕಾಡುಗಳು ಹೂತು, ಒತ್ತಡಕ್ಕೆ ಸಿಕ್ಕಿ, ಕಲ್ಲಾದದ್ದು. ಕಚ್ಚಾ ತೈಲ ಮತ್ತು ನೈಸರ್ಗಿಕ ಅನಿಲ ಹೆಚ್ಚಾಗಿ ಪ್ರಾಚೀನ ಸಮುದ್ರಗಳ ಸೂಕ್ಷ್ಮಜೀವಿಗಳ ಅವಶೇಷ. ಹೀಗೆ ಸತ್ತ ಜೀವಿಗಳಿಂದ ಆದ ಈ ಮೂರನ್ನೂ ಒಟ್ಟಾಗಿ ಪಳೆಯುಳಿಕೆ ಇಂಧನ ಎನ್ನುತ್ತಾರೆ. ಈ ಇಂಗಾಲ ಚಲಾವಣೆಯಿಂದ ಹೊರಬಿದ್ದು ಕೋಟ್ಯಂತರ ವರ್ಷಗಳಾಗಿವೆ. ಅದನ್ನು ಅಗೆದು ಸುಟ್ಟಾಗ, ಸುತ್ತುತ್ತಿದ್ದ ಮೊತ್ತಕ್ಕೆ ಹೊಸದಾಗಿ ಸೇರಿಸಿದಂತಾಗುತ್ತದೆ. ಮರ ನೆಟ್ಟು ಇದನ್ನು ಪೂರ್ತಿ ಸರಿದೂಗಿಸಲಾಗದಿರುವುದಕ್ಕೂ ಇದೇ ಕಾರಣ: ಮರದಲ್ಲಿಟ್ಟ ಇಂಗಾಲ ಕಾಡ್ಗಿಚ್ಚಿಗೋ ಗೆದ್ದಲಿಗೋ ಕೊಡಲಿಗೋ ಸಿಕ್ಕಿ ಕೆಲವು ದಶಕಗಳಲ್ಲಿ ಹೊರಬರಬಹುದು, ಬಂಡೆಯ ಕೆಳಗಿದ್ದದ್ದು ತಾನಾಗಿ ಬರುತ್ತಿರಲಿಲ್ಲ.

ಹೊಗೆಗೂಡಿಲ್ಲದ ಅಡುಗೆಮನೆ

ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದಾಗ, ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಅದರ ಪಾಲು ಸುಮಾರು 315 ಇತ್ತು. ಕಾರ್ಖಾನೆಗಳ ಯುಗ ಶುರುವಾಗುವ ಮುನ್ನ ಅದು ಸುಮಾರು 280 ಇದ್ದಿತೆಂದು ಧ್ರುವಪ್ರದೇಶದ ಹಳೆಯ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳಿಂದ ತಿಳಿದಿದೆ. ಈಗ ಅದು 420ನ್ನು ದಾಟಿದೆ. ನಾವು ಹೊರಬಿಡುವುದರಲ್ಲಿ ಸುಮಾರು ಅರ್ಧವನ್ನು ಸಮುದ್ರಗಳೂ ಸಸ್ಯರಾಶಿಯೂ ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ ನಿಲ್ಲುತ್ತದೆ, ಅದರಲ್ಲೊಂದು ಭಾಗ ಸಾವಿರಾರು ವರ್ಷ ಇರುತ್ತದೆ. ಭೂಮಿಯಿಂದ ಮೇಲೇಳುವ ಶಾಖವನ್ನು ಅದು ಕಂಬಳಿಯಂತೆ ತಡೆಯುವುದರಿಂದ ತಾಪಮಾನ ಏರುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ ಏರಿಕೆ ಅವಲಂಬಿಸಿರುವುದು ಈ ವರ್ಷ ಎಷ್ಟು ಸುಟ್ಟೆವು ಎಂಬುದನ್ನಷ್ಟೇ ಅಲ್ಲ, ಮೊದಲಿನಿಂದ ಇಲ್ಲಿಯವರೆಗೆ ಒಟ್ಟು ಎಷ್ಟು ಸುಟ್ಟೆವು ಎಂಬುದನ್ನು. ಹಿತ್ತಲಲ್ಲಿ ಆಳೆತ್ತರ ಸೌದೆ ಒಟ್ಟಿರುವ, ಆದರೆ ಹೊಗೆಗೂಡಿಲ್ಲದ ಅಡುಗೆಮನೆಯನ್ನು ಊಹಿಸಿಕೊಳ್ಳಿ. ಬಾಗಿಲು ಕಿಟಕಿ ಮುಚ್ಚಿ ಒಲೆ ಹಚ್ಚಿದರೆ ಅಡುಗೆ ನಿಲ್ಲುವುದು ಸೌದೆ ಮುಗಿದಾಗಲ್ಲ, ಹೊಗೆಗೆ ಕಣ್ಣು ಬಿಡಲಾಗದೆ ಹೋದಾಗ. ಎಣ್ಣೆ ಮುಗಿದುಹೋಗುತ್ತದೆ, ಕಲ್ಲಿದ್ದಲು ಬರಿದಾಗುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಆ ಭಯ ಹಿಂದೆ ಸರಿದಿದೆ. ಹೊಗೆಗೆ ಜಾಗವಿಲ್ಲದಿರುವುದು ಅದಕ್ಕಿಂತ ಬೇಗ ಎದುರಾಗಿದೆ.

ಆ ಜಾಗವನ್ನು ಅಳೆಯಬಹುದು. ಕಾರ್ಖಾನೆಗಳ ಯುಗಕ್ಕೆ ಮುಂಚಿನದಕ್ಕೆ ಹೋಲಿಸಿ ತಾಪಮಾನದ ಏರಿಕೆಯನ್ನು ಇಂತಿಷ್ಟಕ್ಕೆ ನಿಲ್ಲಿಸಬೇಕಾದರೆ ಇನ್ನೆಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಡಬಹುದು ಎಂಬ ಮಿತಿಯನ್ನು ಕಾರ್ಬನ್ ಬಜೆಟ್ ಎನ್ನುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ 1850ರಿಂದ 2019ರವರೆಗೆ ಮನುಷ್ಯರು ಹೊರಬಿಟ್ಟದ್ದು ಸುಮಾರು 2.4 ಲಕ್ಷ ಕೋಟಿ ಟನ್. ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಲು ಅರ್ಧಕ್ಕರ್ಧ ಸಾಧ್ಯತೆಯಾದರೂ ಬೇಕೆಂದರೆ 2020ರ ಆರಂಭದಿಂದ ಉಳಿದಿದ್ದದ್ದು 50,000 ಕೋಟಿ ಟನ್. 2 ಡಿಗ್ರಿಗೆ ನಿಲ್ಲಿಸಲು ಮೂರರಲ್ಲಿ ಎರಡು ಪಾಲು ಸಾಧ್ಯತೆ ಬೇಕೆಂದರೆ 1.15 ಲಕ್ಷ ಕೋಟಿ ಟನ್. ಕಾಡು ಕಡಿಯುವುದನ್ನೂ ಸೇರಿಸಿದರೆ ಜಗತ್ತು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಹೊರಬಿಡುತ್ತಿದೆ. ಮೊದಲ ಮಿತಿ ಎಷ್ಟು ದಿನ ಬಾಳೀತು ಎಂಬ ಭಾಗಾಕಾರವನ್ನು ಓದುಗರೇ ಮಾಡಬಹುದು. 2024 ಒಂದೇ ವರ್ಷವನ್ನು ತೆಗೆದುಕೊಂಡರೆ ಏರಿಕೆ ಆಗಲೇ 1.5 ಡಿಗ್ರಿಯನ್ನು ದಾಟಿತ್ತು. ಆದರೆ ಜಗತ್ತಿನ ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಮಿತಿಯನ್ನು ಅಳೆಯುವುದು ಹಲವು ವರ್ಷಗಳ ಸರಾಸರಿಯಿಂದ, ಒಂದು ವರ್ಷದ ಬಿಸಿಯಿಂದಲ್ಲ.

ನೆಲದಲ್ಲಿ ಎಷ್ಟಿದೆ, ಎಷ್ಟು ಬಿಡಬೇಕು?

ಈ ಮಿತಿಯ ಪಕ್ಕದಲ್ಲಿ ನೆಲದೊಳಗಿನ ದಾಸ್ತಾನನ್ನು ಇಟ್ಟು ನೋಡಿದಾಗ ‘ಸುಡದೆ ಬಿಡುವ’ ಮಾತು ಹುಟ್ಟುತ್ತದೆ. ಇಲ್ಲೊಂದು ಪದವನ್ನು ಬಿಡಿಸಿ ಹೇಳಬೇಕು. ಭೂಮಿಯಲ್ಲಿರುವ ಎಲ್ಲ ತೈಲವನ್ನೂ ‘ಮೀಸಲು’ ಎನ್ನುವುದಿಲ್ಲ. ಇಂದಿನ ಬೆಲೆ ಮತ್ತು ಇಂದಿನ ತಂತ್ರಜ್ಞಾನದಲ್ಲಿ ಲಾಭಕರವಾಗಿ ತೆಗೆಯಬಹುದೆಂದು ಖಚಿತವಾಗಿರುವುದಷ್ಟೇ ಮೀಸಲು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ರಿಸ್ಟೋಫ್ ಮೆಕ್‌ಗ್ಲೇಡ್ ಮತ್ತು ಪಾಲ್ ಎಕಿನ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಮೀಸಲನ್ನಷ್ಟೇ ಸುಟ್ಟರೂ 2 ಡಿಗ್ರಿಯ ಬಜೆಟ್ಟಿನ ಸುಮಾರು ಮೂರು ಪಟ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. 2050ರೊಳಗೆ ತೈಲದಲ್ಲಿ ಮೂರನೇ ಒಂದು ಪಾಲು, ಅನಿಲದಲ್ಲಿ ಅರ್ಧ, ಕಲ್ಲಿದ್ದಲಿನಲ್ಲಿ ಶೇ 80ಕ್ಕೂ ಹೆಚ್ಚು ನೆಲದಲ್ಲೇ ಉಳಿಯಬೇಕೆಂಬುದು ಅವರ ಲೆಕ್ಕ. 2021ರಲ್ಲಿ ಅದೇ ಸಂಸ್ಥೆಯ ಸಂಶೋಧಕರು 1.5 ಡಿಗ್ರಿಗಾಗಿ ಲೆಕ್ಕ ಹಾಕಿದಾಗ ತೈಲ ಮತ್ತು ಅನಿಲದ ಸುಮಾರು ಶೇ 60, ಕಲ್ಲಿದ್ದಲಿನ ಶೇ 90 ಬಿಡಬೇಕಾಗುತ್ತದೆ ಎಂದು ಬಂತು.

ಕಲ್ಲಿದ್ದಲಿಗೇ ಹೆಚ್ಚಿನ ಏಟು ಏಕೆ? ಅಷ್ಟೇ ವಿದ್ಯುತ್ ಉತ್ಪಾದಿಸಲು ಅದು ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡು ಪಟ್ಟು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಜೊತೆಗೆ ಅದಕ್ಕೆ ಬದಲಿ ಹುಡುಕುವುದು ವಿಮಾನದ ಇಂಧನಕ್ಕೆ ಬದಲಿ ಹುಡುಕುವುದಕ್ಕಿಂತ ಸುಲಭ.

ಹಗೇವಿನಲ್ಲಿರುವ ಜೋಳ

ಉತ್ತರ ಕರ್ನಾಟಕದ ಊರುಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. (ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದೆಂದು ಹಿರಿಯರು ತಡೆಯುತ್ತಿದ್ದುದಕ್ಕೂ ಇಂಗಾಲದ ಡೈಆಕ್ಸೈಡೇ ಕಾರಣ: ಕಾಳು ಉಸಿರಾಡಿ ಆ ಗುಂಡಿಯಲ್ಲಿ ಅದು ತುಂಬಿಕೊಂಡಿರುತ್ತಿತ್ತು.) ಆ ಜೋಳ ರೊಟ್ಟಿಯಾಗುವ ಎಷ್ಟೋ ಮೊದಲೇ ಮನೆಯ ಆಸ್ತಿಯಾಗಿರುತ್ತಿತ್ತು, ಹಗೇವು ತುಂಬಿದೆ ಎಂಬ ನಂಬಿಕೆಯ ಮೇಲೆ ಸಾಲ ಹುಟ್ಟುತ್ತಿತ್ತು. ತೈಲ ಕಂಪನಿಗಳ ಮತ್ತು ತೈಲ ದೇಶಗಳ ಸ್ಥಿತಿಯೂ ಇಂಥದ್ದೇ. ಇನ್ನೂ ತೆಗೆಯದ ತೈಲದ ಆಧಾರದ ಮೇಲೆ ಷೇರಿನ ಬೆಲೆ ನಿಲ್ಲುತ್ತದೆ, ಬ್ಯಾಂಕಿನ ಸಾಲ ಸಿಗುತ್ತದೆ, ಸರ್ಕಾರದ ಆಯವ್ಯಯ ಸಿದ್ಧವಾಗುತ್ತದೆ. ಅದರ ಬಹುಪಾಲನ್ನು ತೆಗೆಯುವಂತಿಲ್ಲ ಎಂದಾದರೆ ಆ ಕಾಗದದ ಮೌಲ್ಯವೇ ಕುಸಿಯುತ್ತದೆ. ಹೀಗೆ ಕೈಕೊಡಬಹುದಾದ ಸ್ವತ್ತಿನ ಅಪಾಯದ ಬಗ್ಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಆಗಿನ ಗವರ್ನರ್ ಮಾರ್ಕ್ ಕಾರ್ನಿ 2015ರಲ್ಲೇ ವಿಮಾ ಉದ್ಯಮದವರ ಮುಂದೆ ಮಾತನಾಡಿ ಎಚ್ಚರಿಸಿದ್ದರು. ಬಿಡುವುದು ಕಷ್ಟವಾಗಿರುವುದಕ್ಕೆ ವಿಜ್ಞಾನದ ಅಸ್ಪಷ್ಟತೆಗಿಂತ ಈ ಲೆಕ್ಕಪುಸ್ತಕವೇ ದೊಡ್ಡ ಕಾರಣ.

ಯಾಸುನಿ: ಬಿಟ್ಟು ನೋಡಲು ಹೊರಟ ದೇಶ

ಈ ಎಲ್ಲ ತೊಡಕುಗಳೂ ಒಂದೇ ಜಾಗದಲ್ಲಿ ಕಾಣಸಿಗುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ. ಆ ದೇಶದ ಪೂರ್ವಕ್ಕೆ, ಅಮೆಜಾನ್ ಕಾಡಿನ ಅಂಚಿನಲ್ಲಿ, 1979ರಲ್ಲಿ ಘೋಷಣೆಯಾದ ಯಾಸುನಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಒಂದೇ ಹೆಕ್ಟೇರಿನಲ್ಲಿ, ಅಂದರೆ ಎರಡೂವರೆ ಎಕರೆಯಷ್ಟು ಜಾಗದಲ್ಲಿ, 600ಕ್ಕೂ ಹೆಚ್ಚು ಬಗೆಯ ಮರಗಳನ್ನು ಎಣಿಸಿದ್ದಾರೆ. ವಾವೊರಾನಿ ಜನರ ನೆಲ ಅದು. ಹೊರಜಗತ್ತಿನ ಸಂಪರ್ಕವನ್ನು ತಾವಾಗಿ ದೂರವಿಟ್ಟಿರುವ ತಗೇರಿ ಮತ್ತು ತರೊಮೆನಾನೆ ಎಂಬ ಸಮುದಾಯಗಳೂ ಅಲ್ಲಿವೆ. ಆ ಕಾಡಿನ ಕೆಳಗೆ, ಇಶ್ಪಿಂಗೊ, ತಂಬೊಕೊಚಾ, ತಿಪುತಿನಿ ಎಂಬ ಮೂರು ಜಾಗಗಳಲ್ಲಿ, ಸುಮಾರು 84.6 ಕೋಟಿ ಬ್ಯಾರೆಲ್ ತೈಲವಿದೆಯೆಂದು ಅಂದಾಜಾಗಿತ್ತು. ದೇಶದ ಒಟ್ಟು ಮೀಸಲಿನಲ್ಲಿ ಅದು ಸುಮಾರು ಐದನೇ ಒಂದು ಪಾಲು.

2007ರಲ್ಲಿ ಅಧ್ಯಕ್ಷ ರಫಾಯೆಲ್ ಕೊರ್ರಿಯಾ ಜಗತ್ತಿನ ಮುಂದೆ ಒಂದು ಪ್ರಸ್ತಾವವಿಟ್ಟರು. ಈ ತೈಲವನ್ನು ನಾವು ಎಂದೆಂದಿಗೂ ತೆಗೆಯುವುದಿಲ್ಲ, ಆದರೆ ಅದರಿಂದ ಬರಬಹುದಾಗಿದ್ದ ಆದಾಯದ ಅರ್ಧದಷ್ಟನ್ನು, ಅಂದರೆ 13 ವರ್ಷಗಳಲ್ಲಿ 360 ಕೋಟಿ ಡಾಲರುಗಳನ್ನು, ಉಳಿದ ದೇಶಗಳು ಸೇರಿ ಕೊಡಲಿ. ಸುಡದೆ ಬಿಟ್ಟರೆ ಸುಮಾರು 40 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ, ಅದರ ಪ್ರಯೋಜನ ಎಲ್ಲರಿಗೂ ಸಿಗುತ್ತದೆ, ಆದ್ದರಿಂದ ಬಿಡುವ ನಷ್ಟವನ್ನೂ ಎಲ್ಲರೂ ಹೊರಬೇಕು ಎಂಬುದು ತರ್ಕ. ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ. 2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೇಲ್ವಿಚಾರಣೆಯಲ್ಲಿ ನಿಧಿಯೂ ಸ್ಥಾಪನೆಯಾಯಿತು. ಆದರೆ ಮೂರು ವರ್ಷ ಕಳೆದರೂ ನಿಧಿಗೆ ನಿಜವಾಗಿ ಬಂದು ಸೇರಿದ್ದು ಸುಮಾರು 1.3 ಕೋಟಿ ಡಾಲರ್. 2013ರ ಆಗಸ್ಟ್‌ನಲ್ಲಿ ಕೊರ್ರಿಯಾ, ಜಗತ್ತು ನಮ್ಮ ಕೈಬಿಟ್ಟಿತೆಂದು ಹೇಳಿ ಯೋಜನೆಯನ್ನು ಕೈಬಿಟ್ಟರು. 2016ರಲ್ಲಿ ತೈಲ ತೆಗೆಯುವುದು ಆರಂಭವಾಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಯೋಜನೆ ಬಿದ್ದುಹೋದಾಗ ಹುಟ್ಟಿಕೊಂಡ ‘ಯಾಸುನಿದೋಸ್’ ಎಂಬ ಯುವಜನರ ಗುಂಪು ಜನಮತಗಣನೆಗಾಗಿ ಏಳು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಚುನಾವಣಾ ಅಧಿಕಾರಿಗಳು ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ತಿರಸ್ಕರಿಸಿದರು. ಸುಮಾರು ಹತ್ತು ವರ್ಷಗಳ ವ್ಯಾಜ್ಯದ ನಂತರ ಸಾಂವಿಧಾನಿಕ ನ್ಯಾಯಾಲಯ ಅನುಮತಿ ಕೊಟ್ಟು, 2023ರ ಆಗಸ್ಟ್ 20ರಂದು ಮತದಾನ ನಡೆಯಿತು. ಶೇ 59ರಷ್ಟು ಮತದಾರರು ತೈಲವನ್ನು ನೆಲದಲ್ಲೇ ಬಿಡಬೇಕೆಂದರು. ಈ ಬಾರಿ ಯಾರೂ ಹಣ ಕೊಡುವ ಮಾತಿರಲಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶವಿದೆ: ಉದ್ಯಾನವಿರುವ ಒರೆಯಾನಾ ಪ್ರಾಂತ್ಯದಲ್ಲೇ ಹೆಚ್ಚಿನವರು ತೈಲ ನಿಲ್ಲಿಸುವುದರ ವಿರುದ್ಧ ಮತ ಹಾಕಿದ್ದರು. ಅಲ್ಲಿಯ ಕೂಲಿ, ಅಂಗಡಿ, ಬಾಡಿಗೆಯ ವ್ಯವಹಾರಗಳು ತೈಲಕ್ಕೆ ಅಂಟಿಕೊಂಡಿದ್ದವು.

ಮತದಾನದ ಹೊತ್ತಿಗೆ ಅಲ್ಲಿಂದ ದಿನಕ್ಕೆ 50,000 ಬ್ಯಾರೆಲ್‌ಗೂ ಹೆಚ್ಚು ತೈಲ ಬರುತ್ತಿತ್ತು, ಕೊರೆದ ಬಾವಿಗಳು ಇನ್ನೂರನ್ನು ಮೀರಿದ್ದವು. ಒಂದು ವರ್ಷದಲ್ಲಿ ಎಲ್ಲವನ್ನೂ ಮುಚ್ಚಬೇಕೆಂದು ನ್ಯಾಯಾಲಯ ಹೇಳಿತ್ತು. ಆ ಗಡುವು ಮುಗಿದ ಮೇಲೆ, 2024ರ ಆಗಸ್ಟ್ ಕೊನೆಯಲ್ಲಿ, ಸರ್ಕಾರ ಮುಚ್ಚಿದ್ದು ಮೊದಲ ಬಾವಿಯನ್ನು. ಪೂರ್ತಿ ಮುಚ್ಚಲು ಐದು ವರ್ಷವಾದರೂ ಬೇಕೆಂಬುದು ಸರ್ಕಾರದ ವಾದ. ಕೊರೆಯುವ ಮೊದಲು ಬಿಡುವುದಕ್ಕೂ ಕೊರೆದ ಮೇಲೆ ಬಿಡುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಎರಡನೆಯದರಲ್ಲಿ ಹಾಕಿದ ಬಂಡವಾಳವೂ ಕಟ್ಟಿದ ರಸ್ತೆಯೂ ಸಿಕ್ಕಿದ ಕೆಲಸವೂ ಎದುರು ನಿಲ್ಲುತ್ತವೆ.

ಒಬ್ಬರು ಬಿಟ್ಟರೆ ಇನ್ನೊಬ್ಬರು ತೆಗೆಯುವುದಿಲ್ಲವೇ?

ಇದು ಸಹಜವಾದ ಪ್ರಶ್ನೆ, ಭಾಗಶಃ ಸರಿಯೂ ಹೌದು. ಒಂದು ದೇಶ ತೈಲ ನಿಲ್ಲಿಸಿದರೆ ಬೆಲೆ ತುಸು ಏರಿ, ಬೇರೊಂದು ದೇಶ ಹೆಚ್ಚು ತೆಗೆಯಬಹುದು. ಆದರೆ ಬೆಲೆ ಏರಿದ್ದರಿಂದ ಒಟ್ಟು ಬಳಕೆಯೂ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಬಿಟ್ಟ ತೈಲದ ಪೂರ್ತಿ ಲಾಭ ಸಿಗದಿದ್ದರೂ ಒಂದಂಶವಂತೂ ಸಿಗುತ್ತದೆ. ಬಳಕೆ ಕಡಿಮೆ ಮಾಡುವ ದಾರಿ ಮತ್ತು ಗಣಿಗಾರಿಕೆ ನಿಲ್ಲಿಸುವ ದಾರಿ ಎರಡೂ ಜೊತೆಗೇ ನಡೆದಾಗಲೇ ಲೆಕ್ಕ ಕೂಡುತ್ತದೆ. ಮೊದಲ ದಾರಿಗೆ ಬ್ರಿಟನ್ ಒಂದು ಉದಾಹರಣೆ: 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲು ಸುಟ್ಟು ಊರಿಗೆ ವಿದ್ಯುತ್ ಕೊಟ್ಟ ದೇಶ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಎರಡನೆಯದಕ್ಕೆ ಡೆನ್ಮಾರ್ಕ್: 2020ರ ಕೊನೆಗೆ ಅದು ಉತ್ತರ ಸಮುದ್ರದಲ್ಲಿ ಹೊಸ ತೈಲ ಪರವಾನಗಿ ಕೊಡುವುದನ್ನು ಕೈಬಿಟ್ಟು, 2050ಕ್ಕೆ ಉತ್ಪಾದನೆಯನ್ನೇ ಮುಗಿಸಲು ತೀರ್ಮಾನಿಸಿತು.

ಇಡೀ ಜಗತ್ತು ಸೇರಿ ಬರೆದ ಒಪ್ಪಂದಗಳಲ್ಲಿ ಈ ವಿಷಯ ತಡವಾಗಿ ಬಂತು. 2015ರ ಪ್ಯಾರಿಸ್ ಒಪ್ಪಂದದ ಪಠ್ಯದಲ್ಲಿ ‘ಪಳೆಯುಳಿಕೆ ಇಂಧನ’ ಎಂಬ ಪದವೇ ಇಲ್ಲ. 2021ರ ಗ್ಲಾಸ್ಗೋ ಸಭೆಯಲ್ಲಿ ಕಲ್ಲಿದ್ದಲನ್ನು ‘ಹಂತ ಹಂತವಾಗಿ ಕೊನೆಗಾಣಿಸುವುದು’ ಎಂದಿದ್ದುದು ಕೊನೆಯ ಗಳಿಗೆಯಲ್ಲಿ, ಭಾರತದ ಒತ್ತಾಯದ ಮೇರೆಗೆ, ‘ಹಂತ ಹಂತವಾಗಿ ತಗ್ಗಿಸುವುದು’ ಎಂದಾಯಿತು. 2023ರಲ್ಲಿ ದುಬೈಯಲ್ಲಿ ಮೊದಲ ಬಾರಿಗೆ ಪಳೆಯುಳಿಕೆ ಇಂಧನಗಳಿಂದ ‘ದೂರ ಸರಿಯುವ’ ಮಾತು ಒಪ್ಪಿಗೆ ಪಡೆಯಿತು. ಅದಕ್ಕೊಂದು ಮಾರ್ಗಸೂಚಿ ಬೇಕೆಂದು 2025ರ ಬೆಲೆಮ್ ಸಭೆಯಲ್ಲಿ ಹಲವು ದೇಶಗಳು ಪಟ್ಟು ಹಿಡಿದರೂ ಅಂತಿಮ ಪಠ್ಯದಲ್ಲಿ ಅದು ಸೇರಲಿಲ್ಲ.

ಭಾರತ ಏಕೆ ಹಿಂಜರಿಯುತ್ತದೆ?

ಹೊಗೆ ತುಂಬಿದ ಅಡುಗೆಮನೆಗೆ ಮತ್ತೆ ಬರೋಣ. ಬೆಳಗಿನಿಂದ ಒಲೆ ಉರಿಸಿ ಉಂಡವರು ಮತ್ತು ಈಗಷ್ಟೇ ಪಾತ್ರೆ ಇಡಲು ಬಂದವರು ಇಬ್ಬರಿಗೂ ‘ಉರಿ ಆರಿಸಿ’ ಎಂಬ ಒಂದೇ ಆಜ್ಞೆ ಕೊಟ್ಟರೆ ಎರಡನೆಯವರು ಸುಮ್ಮನಿರುವುದಿಲ್ಲ. ಈವರೆಗೆ ಇಂಧನ ಸುಟ್ಟು ಸೇರಿಸಿದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಅಮೆರಿಕದ ಪಾಲು ಸುಮಾರು ನಾಲ್ಕನೇ ಒಂದು. ಭಾರತದ್ದು ಶೇ 3–4ರ ಆಸುಪಾಸು. ಇಂದಿಗೂ ತಲಾವಾರು ಲೆಕ್ಕದಲ್ಲಿ ಭಾರತೀಯನೊಬ್ಬನದು ವರ್ಷಕ್ಕೆ ಸುಮಾರು 2 ಟನ್, ಅಮೆರಿಕನ್ನನದು ಅದರ ಆರೇಳು ಪಟ್ಟು. ಇನ್ನೊಂದು ಕಡೆ, ಬಿಸಿಗಾಳಿಗೂ ಅಕಾಲ ಮಳೆಗೂ ಮೊದಲು ಸಿಗುವವರಲ್ಲಿ ನಾವೂ ಇದ್ದೇವೆ.

2024–25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು. 2025ರ ಮಧ್ಯದ ವೇಳೆಗೆ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆಯೇತರ ಮೂಲಗಳದ್ದಾಯಿತು. ಆದರೂ ವರ್ಷವಿಡೀ ತಂತಿಯಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಮುಕ್ಕಾಲಿಗೆ ಹತ್ತಿರವೇ ಇದೆ. ಈ ಎರಡು ಅಂಕಿಗಳು ಪರಸ್ಪರ ವಿರುದ್ಧವೆಂದು ಅನೇಕರು ಭಾವಿಸುತ್ತಾರೆ. ಐದು ಎಕರೆ ಖುಷ್ಕಿ, ಐದು ಎಕರೆ ನೀರಾವರಿ ಇರುವ ರೈತನನ್ನು ಕೇಳಿದರೆ ಗೊಂದಲ ಬಗೆಹರಿಯುತ್ತದೆ: ಜಮೀನು ಅರ್ಧರ್ಧ, ಇಳುವರಿ ಅರ್ಧರ್ಧವಲ್ಲ. ಸೌರಫಲಕ ಹಗಲಿಗೆ, ಗಾಳಿಗಿರಣಿ ಗಾಳಿಗೆ ಕಾಯುತ್ತವೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ಸುಡುವುದು ಮಾತ್ರ ಇಲ್ಲಿ. ರಾಯಚೂರಿನ ಶಕ್ತಿನಗರದಲ್ಲಿರುವ 1,720 ಮೆಗಾವ್ಯಾಟ್ ಸ್ಥಾವರದಲ್ಲಿ 210 ಮೆಗಾವ್ಯಾಟಿನ ಒಂದು ಘಟಕ ದಿನವಿಡೀ ಪೂರ್ಣ ಶಕ್ತಿಯಲ್ಲಿ ಓಡಿದರೆ ಸುಮಾರು 3,500 ಟನ್ ಕಲ್ಲಿದ್ದಲು, ಹೆಚ್ಚುಕಡಿಮೆ ಒಂದು ಇಡೀ ಗೂಡ್ಸ್ ರೈಲಿನಷ್ಟು, ಬೇಕಾಗುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಬೂದಿಯಾಗಿ ಕಣ್ಣಿಗೆ ಕಾಣುತ್ತದೆ. ಕಾಣದೆ ಹೋಗುವುದರ ತೂಕ ಬಂದ ಕಲ್ಲಿದ್ದಲಿಗಿಂತಲೂ ಹೆಚ್ಚು. ಇನ್ನೊಂದು ತುದಿಯಲ್ಲಿ, ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟಿನ ಸೌರ ಪಾರ್ಕ್ ಕಟ್ಟಲಾಗಿದೆ. ಸಾಮರ್ಥ್ಯದಲ್ಲಿ ಅದು ರಾಯಚೂರಿಗಿಂತ ದೊಡ್ಡದು, ಆದರೆ ಸಂಜೆ ಏಳಕ್ಕೆ ಊರೆಲ್ಲ ದೀಪ ಹಾಕುವಾಗ ಅಲ್ಲಿಂದ ಏನೂ ಬರುವುದಿಲ್ಲ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ ಸಂಜೆ ಇಳಿಸುವ ಶರಾವತಿಯ 2,000 ಮೆಗಾವ್ಯಾಟ್ ಯೋಜನೆ ಹುಟ್ಟಿದ್ದು ಈ ಕೊರತೆ ತುಂಬಲು. ಸಿಂಗಳೀಕಗಳ ಕಾಡು ಹಾಳಾಗುತ್ತದೆಂದು ಅದಕ್ಕೆ ವಿರೋಧ ಬಂದಿರುವುದೂ ನಿಜ. ಕಲ್ಲಿದ್ದಲನ್ನು ನೆಲದಲ್ಲಿ ಬಿಡುವ ಬೆಲೆಯನ್ನು ಒಮ್ಮೊಮ್ಮೆ ಬೇರೊಂದು ಕಾಡಿನಿಂದ ಕೇಳಲಾಗುತ್ತದೆ.

ಕಲ್ಲಿದ್ದಲು ಸ್ಥಾವರವೊಂದು ಸಾಮಾನ್ಯವಾಗಿ ಮೂವತ್ತು ನಲವತ್ತು ವರ್ಷ ಓಡುತ್ತದೆ, ಸಾಲ ತೀರುವವರೆಗಂತೂ ಓಡಲೇಬೇಕು. ರಾಯಚೂರಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಇಂಥ ಹಳೆಯ ಘಟಕಗಳು ನಿಂತಾಗ ಅದೇ ಜಾಗದಲ್ಲಿ ಹೊಸ ಬಾಯ್ಲರ್ ಬರುತ್ತದೆಯೋ, ಸಂಜೆಗೆ ಒದಗುವ ಬ್ಯಾಟರಿಯೋ ನೀರಿನ ಪಂಪೋ ಬರುತ್ತದೆಯೋ ಎಂಬುದರ ಮೇಲೆ ಸಿಂಗರೇಣಿಯ ಯಾವ ಪದರ 2060ರವರೆಗೂ ರೈಲು ಹತ್ತುತ್ತಿರಬೇಕು, ಯಾವುದು ಈಗಿರುವಲ್ಲೇ ಇರಬಹುದು ಎಂಬುದು ನಿಂತಿದೆ.